ಹತ್ತಿ ಎಂದವನಿಗೆ ಬೇಕಿದ್ದದ್ದು ಹಕ್ಕಿ: ಒಂದು ವಾಕ್ ಚಿಕಿತ್ಸೆಯ ಪ್ರಕರಣ

ಆ ಹುಡುಗನ ಹೆಸರು ಕ ಅಕ್ಷರದಿಂದ ಶುರುವಾಗುತ್ತದೆ. ಗುರುತು ಸಿಗಬಾರದೆಂದು ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವಂತೆ ಪುಟ್ಟ ಎನ್ನುತ್ತೇನೆ. ಮೊದಲ ದಿನ ನಿನ್ನ ಹೆಸರೇನು ಎಂದು ಕೇಳಿದಾಗ ಅವನು ಅಕ್ಕನ ಮುಖ ನೋಡಿದ. ಎಂಟು ವರ್ಷದ ಅಕ್ಕ ಅವನ ಹೆಸರು ಹೇಳಿದಳು. ವಯಸ್ಸೆಷ್ಟು ಎಂದಾಗಲೂ ಅವಳೇ ಹೇಳಿದಳು. ನಾನು ಅವನ ಎತ್ತರಕ್ಕೆ ಬಗ್ಗಿ ಹೆಸರನ್ನು ಮತ್ತೊಮ್ಮೆ ಕೇಳಿದೆ. "ಪುಟ್ಟ" ಎಂದ. "ಶಾಲೆಯ ಹೆಸರು ಹೇಳು, ಕಂದ" ಎಂದು ತಾಯಿ ತಿದ್ದಿದರು. ಅವನು ಮೇಜಿನ ಅಡಿಗೆ ಹೋಗಿ ಕುಳಿತುಬಿಟ್ಟ.

ಪುಟ್ಟ ಎಂಬ ಹೆಸರಿನಲ್ಲಿ ಅವನ ಬಾಯಿಗೆ ಬಾರದ ಧ್ವನಿ ಒಂದೂ ಇಲ್ಲ. ಅದು ನನಗೆ ಹೊಳೆದದ್ದು ಅವರೆಲ್ಲ ಮನೆಗೆ ಹೋದ ಮೇಲೆ, ದಾಖಲೆ ಬರೆಯುವಾಗ.

ಬಂದಾಗ ಅವನಿಗೆ 4 ವರ್ಷ 7 ತಿಂಗಳು. ತುಂಬು ತಿಂಗಳಿನ ಹೆರಿಗೆ, ನಡಿಗೆ ಸಕಾಲಕ್ಕೆ, ವರ್ಷ ತುಂಬುವ ಹೊತ್ತಿಗೆ ಮೊದಲ ಪದ. ಎರಡನೇ ವಯಸ್ಸಿನಲ್ಲಿ ಒಮ್ಮೆ ಕಿವಿ ಸೋರಿತ್ತು, ಔಷಧಿಯಲ್ಲಿ ವಾಸಿಯಾಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ವಾಕ್ಯಗಳೂ ವಯಸ್ಸಿಗೆ ತಕ್ಕಷ್ಟು ಉದ್ದವಾಗಿದ್ದವು. ಮನೆಯಲ್ಲಿ ಅವನ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ಹೊರಗಿನವರಿಗೆ ಅಕ್ಕ ದುಭಾಷಿ. ಮನೆಯವರು ಆತಂಕಗೊಂಡು ಬಂದದ್ದು ಶಿಕ್ಷಕಿಯ ಮಾತಿನಿಂದ: ಎರಡು ತಿಂಗಳಿನಿಂದ ಪುಟ್ಟ ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ.

"ತೊದಲುತ್ತಾನೆ ಮೇಡಂ" ಎಂದರು ತಾಯಿ. ತೊದಲು ಎಂಬ ಪದವನ್ನು ನಾನು ಕೇಳಿದ ಹಾಗೆಯೇ ಬರೆದುಕೊಳ್ಳುವುದಿಲ್ಲ. ಎಳೆಯ ಮಕ್ಕಳ ಮುದ್ದು ಮಾತಿಗೂ, ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ನುಡಿಯುವುದಕ್ಕೂ, ಮಾತು ತಡೆದು ತಡೆದು ಬರುವ ಉಗ್ಗಿಗೂ ಜನ ಆ ಒಂದೇ ಪದ ಬಳಸುತ್ತಾರೆ. ಮೊದಲನೆಯದಕ್ಕೆ ಚಿಕಿತ್ಸೆಯೇ ಬೇಡ, ಉಳಿದೆರಡಕ್ಕೆ ಚಿಕಿತ್ಸೆಯ ದಾರಿ ಪೂರ್ತಿ ಬೇರೆ ಬೇರೆ. ಹಾಗಾಗಿ ಕೇಳಿದೆ: ತಡವರಿಸುತ್ತಾನೆಯೇ? ಮೊದಲ ಅಕ್ಷರವನ್ನು ಎರಡು ಮೂರು ಸಲ ಹೇಳುತ್ತಾನೆಯೇ? ಇಲ್ಲ ಎಂದರು. ಸರಾಗವಾಗಿ ಮಾತನಾಡುತ್ತಾನೆ, ಆದರೆ ತಿಳಿಯುವುದಿಲ್ಲ.

ಆಟದ ನಡುವೆ ಅವನು ಆಡಿದ ಒಂದು ವಾಕ್ಯ ಅಂದಿನ ಧ್ವನಿಮುದ್ರಣದಲ್ಲಿದೆ: "ನನದೆ ದಾಡಿ ಬೇತು, ಅತ್ತ ತೊಡಲಿಲ್ಲ." ನನಗೆ ಗಾಡಿ ಬೇಕು, ಅಕ್ಕ ಕೊಡಲಿಲ್ಲ. ಗೊತ್ತಿಲ್ಲದವರಿಗೆ ಇದು ಯಾರೋ ಅತ್ತ, ಏನನ್ನೋ ತೊಡಲಿಲ್ಲ ಎಂದು ಕೇಳಿಸುತ್ತದೆ.

ಪರೀಕ್ಷೆಯಲ್ಲಿ ಕಂಡದ್ದು

ಮೊದಲು ಕಿವಿ. ಮಾತಿನ ದೋಷ ಎಂದು ಬಂದ ಯಾವ ಮಗುವನ್ನೂ ಶ್ರವಣ ಪರೀಕ್ಷೆಯಿಲ್ಲದೆ ನಾನು ಮುಂದಕ್ಕೆ ಒಯ್ಯುವುದಿಲ್ಲ, ಅದರಲ್ಲೂ ಹಿಂದೆ ಕಿವಿ ಸೋರಿದ ಮಗುವನ್ನು. ಮಧ್ಯಕಿವಿಯಲ್ಲಿ ದ್ರವ ನಿಂತರೆ ನೋವಿಲ್ಲದೆಯೇ ಕೇಳುವಿಕೆ ಮಂಕಾಗುತ್ತದೆ, ಕರೆದರೆ ತಿರುಗುತ್ತಾರೆಂಬ ಕಾರಣಕ್ಕೆ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಪುಟ್ಟನ ಎರಡೂ ಕಿವಿ ಸರಿಯಾಗಿದ್ದವು. ಬಾಯಿಯೊಳಗೆ ಅಂಗುಳ, ಕಿರುನಾಲಿಗೆ, ಹಲ್ಲಿನ ಸಾಲು ಎಲ್ಲವೂ ಸರಿಯಿದ್ದವು. ನಾಲಿಗೆಯ ಕೆಳಗಿನ ತಂತು ಸ್ವಲ್ಪ ಗಿಡ್ಡವಾಗಿತ್ತು.

ಆ ತಂತುವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಂಧುಗಳೊಬ್ಬರು ಅದನ್ನು ಕತ್ತರಿಸಿದರೆ ಮಾತು ಬಂದುಬಿಡುತ್ತದೆ ಎಂದಿದ್ದರಂತೆ, ತಂದೆ ದಿನ ಗೊತ್ತು ಮಾಡುವ ಯೋಚನೆಯಲ್ಲಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟು: ನೀವೇ ಈಗ ಕ ಎನ್ನಿ, ನಾಲಿಗೆಯ ತುದಿ ಎಲ್ಲಿದೆ ನೋಡಿಕೊಳ್ಳಿ. ಅವರು ಎರಡು ಮೂರು ಸಲ ಹೇಳಿ ನೋಡಿದರು. ತುದಿ ಕೆಳಗೆ ಸುಮ್ಮನೆ ಬಿದ್ದಿರುತ್ತದೆ. ಏಳುವುದು ನಾಲಿಗೆಯ ಹಿಂಭಾಗ, ತಾಗುವುದು ಮೆದು ಅಂಗುಳವನ್ನು. ತಂತು ಹಿಡಿದಿಡುವುದು ತುದಿಯನ್ನು. ತುದಿ ಹಲ್ಲಿಗೆ ತಾಗಬೇಕಾದ ತ, ದ, ನ, ಮೇಲಕ್ಕೆ ಏಳಬೇಕಾದ ಲ ಇವೆಲ್ಲ ಪುಟ್ಟನಿಗೆ ಸಲೀಸಾಗಿ ಬರುತ್ತಿದ್ದವು. ತುದಿಗೆ ಬೇಕಾದ ಧ್ವನಿಗಳೆಲ್ಲ ಬಂದು, ತುದಿಗೆ ಸಂಬಂಧವೇ ಇಲ್ಲದ ಧ್ವನಿ ಮಾತ್ರ ಬಾರದಿದ್ದರೆ ಕತ್ತರಿ ಏನು ಮಾಡೀತು? ತಂದೆ ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟರು.

ಅರವತ್ತು ಚಿತ್ರಗಳನ್ನು ಹೆಸರಿಸಲು ಕೊಟ್ಟೆ. ತಪ್ಪುಗಳಲ್ಲಿ ಅಚ್ಚರಿಯ ಶಿಸ್ತಿತ್ತು. ಕ ಬರಬೇಕಾದಲ್ಲೆಲ್ಲ ತ, ಗ ಬರಬೇಕಾದಲ್ಲೆಲ್ಲ ದ. ಪದದ ಮೊದಲಿರಲಿ, ನಡುವಿರಲಿ, ಒತ್ತಕ್ಷರವಿರಲಿ, ಒಂದು ಕಡೆಯೂ ವಿನಾಯಿತಿ ಇಲ್ಲ. ಬೆಕ್ಕು ಬೆತ್ತು, ಮೂಗು ಮೂದು, ಕಿಟಕಿ ತಿಟತಿ. ಇದಲ್ಲದೆ ರ ಜಾಗದಲ್ಲಿ ಲ: ಮರ ಮಲವಾಗುತ್ತಿತ್ತು. ಆ ವಯಸ್ಸಿಗೆ ರ ಇನ್ನೂ ಕೂಡದಿರುವುದು ಅಪರೂಪವಲ್ಲ, ಅದನ್ನು ಬದಿಗಿಟ್ಟೆ. ಕ ಬದಲು ತ ಹೇಳುವುದೂ ಎರಡು ಮೂರು ವರ್ಷದ ಮಕ್ಕಳಲ್ಲಿ ಸಹಜವೇ. ಆದರೆ ಸುಮಾರು ಮೂರೂವರೆಯ ಹೊತ್ತಿಗೆ ಅದು ತಾನಾಗಿ ಹೋಗಬೇಕು. ಇವನು ಅದನ್ನು ದಾಟಿ ವರ್ಷವಾಗಿತ್ತು.

ಅದೇ ಪದಗಳಲ್ಲಿ ಇಪ್ಪತ್ತೈದನ್ನು ಆರಿಸಿ, ನಡುವೆ ಬಿಡುವು ಕೊಟ್ಟು ಮೂರು ಸಲ ಹೇಳಿಸಿದೆ. ಮೂರು ಸಲವೂ ಒಂದೇ ರೀತಿ ತಪ್ಪಿದ. ಇದು ಒಳ್ಳೆಯ ಸುದ್ದಿ. ಒಂದೇ ಪದವನ್ನು ಒಂದೊಂದು ಸಲ ಒಂದೊಂದು ರೀತಿ ಹೇಳುವ, ಬಾಯಿಯನ್ನು ತಡಕಾಡುತ್ತ ಧ್ವನಿ ಹುಡುಕುವ ಮಗುವಿನ ತೊಂದರೆ ಚಲನೆಯನ್ನು ಯೋಜಿಸುವುದರಲ್ಲಿ ಇರಬಹುದು, ಅದು ದೀರ್ಘ ಹಾದಿ. ಪುಟ್ಟನ ತೊಂದರೆ ನಿಯಮದ್ದು. ಬಾಯಿಯ ಹಿಂದೆ ಹುಟ್ಟಬೇಕಾದ ಧ್ವನಿಯನ್ನೆಲ್ಲ ಮುಂದಕ್ಕೆ ತಂದುಕೊಳ್ಳುವುದು ಎಂಬ ನಿಯಮವನ್ನು ಅವನ ತಲೆ ತನಗೆ ತಾನೇ ಮಾಡಿಕೊಂಡು ನಿಷ್ಠೆಯಿಂದ ಪಾಲಿಸುತ್ತಿತ್ತು.

ಅಪರಿಚಿತರಿಗೆ ಮಗುವಿನ ಮಾತು ಎರಡನೇ ವಯಸ್ಸಿಗೆ ಅರ್ಧದಷ್ಟು, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಹೆಚ್ಚುಕಡಿಮೆ ಪೂರ್ತಿ ತಿಳಿಯಬೇಕು ಎಂಬುದು ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸ್ಥೂಲ ಅಂದಾಜು. ಪುಟ್ಟನ ಧ್ವನಿಮುದ್ರಣವನ್ನು ಅವನನ್ನು ನೋಡಿಯೇ ಇರದ ಸಹೋದ್ಯೋಗಿಗೆ ಕೇಳಿಸಿದೆ. ಅವರಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಿಳಿಯಿತು, ಅಷ್ಟೇ.

ಎರಡೇ ಧ್ವನಿಗಳ ಅದಲುಬದಲಿಗೆ ಇಷ್ಟು ನಷ್ಟವೇ ಎಂದು ತಂದೆ ಕೇಳಿದರು. ಕನ್ನಡದಲ್ಲಿ ಆಗುತ್ತದೆ. ಬೇಕು, ಸಾಕು, ಯಾಕೆ, ಈಗ, ಆಗ, ಹೀಗೆ, ಹೋಗು: ಒಂದು ಮಗು ದಿನವಿಡೀ ಆಡುವ ಮಾತುಗಳಲ್ಲಿ ಕ, ಗ ಇಲ್ಲದವು ಎಷ್ಟಿವೆ? ಅದಕ್ಕಿಂತ ದೊಡ್ಡ ಪೆಟ್ಟು ವ್ಯಾಕರಣಕ್ಕೆ. ನನಗೆ, ಮನೆಗೆ, ಶಾಲೆಗೆ ಎಂಬಲ್ಲಿನ ಚತುರ್ಥಿ ವಿಭಕ್ತಿ, ಮನೆಗಳು ಎಂಬಲ್ಲಿನ ಬಹುವಚನ, ಎರಡೂ ಗ ಮೇಲೆ ನಿಂತಿವೆ. "ಆಗ" ಎಂದದ್ದು "ಆದ" ಎಂದು ಕೇಳಿಸಿದರೆ ಮಾತಿನ ಕಾಲವೇ ಕಲಸಿಹೋಗುತ್ತದೆ.

ತರಗತಿಯ ಮೌನಕ್ಕೂ ಉತ್ತರ ಸಿಕ್ಕಿತು. ಶಿಕ್ಷಕಿಗೆ ಫೋನ್ ಮಾಡಿ, ಎರಡು ತಿಂಗಳ ಹಿಂದೆ ತರಗತಿಯಲ್ಲಿ ಏನು ಶುರುವಾಯಿತು ಎಂದು ಕೇಳಿದೆ. ಸ್ವರಗಳು ಮುಗಿದು ವ್ಯಂಜನ ಶುರುವಾಗಿತ್ತು. ನಮ್ಮ ವರ್ಣಮಾಲೆ ಬಾಯಿಯ ಹಿಂದಿನಿಂದ ತುಟಿಯ ಕಡೆಗೆ ಬರುತ್ತದೆ: ಮೊದಲು ಕಂಠ್ಯವಾದ ಕ ವರ್ಗ, ಕೊನೆಗೆ ತುಟಿಯ ಪ ವರ್ಗ. ಮಕ್ಕಳ ಬಾಯಿಗೆ ಬರುವ ಕ್ರಮ ಸರಿಸುಮಾರು ತಿರುಗಾಮುರುಗಾ. ಪ, ಬ, ಮ ಮೊದಲು, ಆಮೇಲೆ ತ, ದ, ನ, ಕ ಮತ್ತು ಗ ಅವುಗಳ ಹಿಂದೆ. ಎಲ್ಲರೂ ಕ, ಖ, ಗ, ಘ ಎಂದು ಹಾಡುವಾಗ ಪುಟ್ಟ ತ, ತ, ದ, ದ ಎಂದಿದ್ದಾನೆ. ಪಕ್ಕದ ಮಕ್ಕಳು ನಕ್ಕಿದ್ದಾರೆ. ಮರುದಿನದಿಂದ ಬಾಯಿ ಮುಚ್ಚಿದೆ. ಶಿಕ್ಷಕಿಗೆ ಇದು ತಿಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

"ಬೆತ್ತು ಅಲ್ಲ, ಬೆತ್ತು!"

ಮುಂದಿನ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸಿದ್ದು ಎರಡನೇ ಭೇಟಿಯ ಎರಡು ನಿಮಿಷ. ಬೆಕ್ಕಿನ ಚಿತ್ರ ತೋರಿಸಿ, "ಓ, ಇದು ಬೆತ್ತು" ಎಂದೆ. ಪುಟ್ಟ ತಲೆ ಅಲ್ಲಾಡಿಸಿದ. "ಬೆತ್ತು ಅಲ್ಲ, ಬೆತ್ತು!" ನಾನು ಮತ್ತೆ, "ಹೌದಾ, ಬೆತ್ತಾ?" ಎಂದೆ. ಅವನ ಹುಬ್ಬು ಗಂಟಿಕ್ಕಿತು. ಚಿತ್ರದ ಮೇಲೆ ಬೆರಳು ಕುಕ್ಕಿ, ದಡ್ಡರಿಗೆ ಹೇಳುವಂತೆ ನಿಧಾನವಾಗಿ, "ಬೆ-ತ್ತು" ಎಂದ. "ಬೆಕ್ಕು" ಎಂದೆ. "ಹಾಂ!" ಎಂದು ಬೆನ್ನು ಹಿಂದಕ್ಕೆ ಚೆಲ್ಲಿ ಕುಳಿತ. ಕೊನೆಗೂ ಇವರಿಗೆ ತಿಳಿಯಿತಲ್ಲ ಎಂಬ ನೆಮ್ಮದಿ ಮುಖದ ಮೇಲಿತ್ತು.

ಇದನ್ನು ಓದಿದ್ದೆ, ಹಲವು ಮಕ್ಕಳಲ್ಲಿ ಕಂಡಿದ್ದೆ. 1960ರಲ್ಲಿ ಮಕ್ಕಳ ಭಾಷೆಯ ಸಂಶೋಧಕರಾದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ವಿವರಿಸಿದ ಮಗು ಮೀನಿನ ಆಟಿಕೆಯನ್ನು ಫಿಶ್ ಎನ್ನಲಾಗದೆ ಫಿಸ್ ಎನ್ನುತ್ತಿತ್ತು. ದೊಡ್ಡವರು ಫಿಸ್ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. ಆದರೂ ಪ್ರತಿ ಸಲ ಎದುರಿಗೆ ನಡೆದಾಗ ನನಗೆ ಮೈ ಜುಂ ಎನ್ನುತ್ತದೆ. ಮಗುವಿನ ತಲೆಯಲ್ಲಿ ಬೆಕ್ಕು ಬೆಕ್ಕೇ ಆಗಿದೆ. ತಾನೂ ಅದನ್ನೇ ಹೇಳುತ್ತಿದ್ದೇನೆ ಎಂದು ಅದು ನಂಬಿದೆ. ಅದಕ್ಕೆ "ಸರಿಯಾಗಿ ಹೇಳು" ಎಂದರೆ ಏನು ಅರ್ಥ? ಮಗು ಸರಿಯಾಗಿಯೇ ಹೇಳುತ್ತಿದೆ, ತನ್ನ ಲೆಕ್ಕದಲ್ಲಿ. ಮನೆಯಲ್ಲಿ ದಿನಕ್ಕೆ ಹತ್ತಾರು ಸಲ ಅವನಿಗೆ ಬೀಳುತ್ತಿದ್ದ ಆ ಮಾತು ಅವನ ಕಿವಿಗೆ ತಲುಪಿದ್ದು ಹೀಗೆ: ನೀನು ಏನು ಹೇಳಿದರೂ ತಪ್ಪು.

ಹಕ್ಕಿ ಮತ್ತು ಹತ್ತಿ, ಕಲೆ ಮತ್ತು ತಲೆ, ಕೊಡೆ ಮತ್ತು ತೊಡೆ, ಕಾಯಿ ಮತ್ತು ತಾಯಿ. ಹೀಗೆ ಒಂದೇ ಧ್ವನಿಯಲ್ಲಿ ಬೇರೆಯಾಗುವ ಜೋಡಿಗಳ ಚಿತ್ರ ಹರಡಿ, ನಾನು ಹೇಳಿದ್ದನ್ನು ತೋರಿಸಲು ಹೇಳಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ನಾನು ಹೇಳಿದರೆ ಅವನಿಗೆ ವ್ಯತ್ಯಾಸ ಸ್ಪಷ್ಟ. ತಾನು ಹೇಳುವಾಗ ಮಾತ್ರ ಎರಡೂ ಒಂದೇ ಆಗುತ್ತಿವೆ ಎಂಬುದು ಅವನಿಗೆ ಕೇಳಿಸುತ್ತಿರಲಿಲ್ಲ. ಹಾಗಿದ್ದರೆ ಕೆಲಸ ಇಷ್ಟು: ಬಾಯಿಗೆ ಕ ಸಿಗಬೇಕು, ಸಿಕ್ಕ ಮೇಲೆ, ಅದನ್ನು ಬಳಸದಿದ್ದರೆ ಕೇಳುವವರಿಗೆ ಬೇರೆಯದೇ ವಸ್ತು ತಲುಪುತ್ತದೆ ಎಂಬುದು ಅವನಿಗೇ ಗೊತ್ತಾಗಬೇಕು. ಈ ಎರಡರ ಕ್ರಮ ಮುಖ್ಯ. ಧ್ವನಿ ಹುಟ್ಟುವ ಮೊದಲೇ ಅರ್ಥವಾಗದವರಂತೆ ನಟಿಸಿ ಮಗುವನ್ನು ಪರದಾಡಿಸುವುದು ಹಿಂಸೆ ಎಂದೇ ನಾನು ಭಾವಿಸುತ್ತೇನೆ.

ಯೋಜನೆ ಹೀಗಿತ್ತು: ವಾರಕ್ಕೆ ಎರಡು ದಿನ, ಪ್ರತಿ ಸಲ 40 ನಿಮಿಷ. ಕಲಿಸುವುದು ಕ ಮಾತ್ರ. ಗ ಕೂಡ ಬಾಯಲ್ಲಿ ಅದೇ ಜಾಗದಲ್ಲಿ ಹುಟ್ಟುವುದರಿಂದ, ನಿಯಮ ಮುರಿದರೆ ಅದು ತಾನಾಗಿ ಹಿಂಬಾಲಿಸಬೇಕು. ಹಿಂಬಾಲಿಸುತ್ತದೆಯೇ ಎಂದು ನೋಡಲು ಅದನ್ನು ಮುಟ್ಟುವುದಿಲ್ಲ. ರ ಧ್ವನಿಯನ್ನೂ ಮುಟ್ಟುವುದಿಲ್ಲ, ಅದರ ಕಾರಣ ಬೇರೆ. ಚಿಕಿತ್ಸೆಯಿಂದ ಆದ ಬದಲಾವಣೆ ಯಾವುದು, ವಯಸ್ಸಾಗುತ್ತ ತಾನಾಗಿ ಆದದ್ದು ಯಾವುದು ಎಂದು ಬೇರ್ಪಡಿಸಲು ಅದು ನೆರವಾಗುತ್ತದೆ.

ನನ್ನ ತಪ್ಪು, ಆಮೇಲೆ ಸಿಂಹದ ಕೆಮ್ಮು

ಮೂರನೇ ಭೇಟಿಯಲ್ಲಿ ನಾನು ಅವಸರ ಮಾಡಿದೆ. ನಾಲಿಗೆಯ ತುದಿಯನ್ನು ಕೆಳಗೆ ಒತ್ತಿ ಹಿಡಿದರೆ ತ ಹೇಳಲಾಗದು, ಹಿಂಭಾಗ ಏಳಲೇಬೇಕು ಎಂಬುದು ಹಳೆಯ, ಒಳ್ಳೆಯ ಉಪಾಯ. ಮರದ ಚಪ್ಪಟೆ ಕಡ್ಡಿ ಕೈಗೆತ್ತಿಕೊಂಡು, ಅವನಿಗೆ ಸರಿಯಾಗಿ ಹೇಳದೆ ಬಾಯಿಗೆ ಇಟ್ಟುಬಿಟ್ಟೆ. ಕಿವಿ ಸೋರಿದ ಕಾಲದಲ್ಲಿ ವೈದ್ಯರ ಬಳಿ ಅದೇ ಕಡ್ಡಿ ಕಂಡಿದ್ದನೋ ಏನೋ, ಎರಡೂ ಕೈಯಿಂದ ಬಾಯಿ ಮುಚ್ಚಿ ಅಮ್ಮನ ಮಡಿಲಿಗೆ ಮುಖ ಹುದುಗಿಸಿದ. ಉಳಿದ ಅರ್ಧ ಗಂಟೆ ಆ ಮುಖ ನನಗೆ ಕಾಣಲಿಲ್ಲ. ಮುಂದಿನ ಎರಡು ಭೇಟಿಗಳು ಬರೀ ಕಳೆದುಕೊಂಡ ನಂಬಿಕೆಯನ್ನು ಮರಳಿ ಪಡೆಯುವುದರಲ್ಲೇ ಹೋದವು. ಕಡ್ಡಿಯನ್ನು ಅವನ ಕೈಗೇ ಕೊಟ್ಟೆ, ಅವನು ನನ್ನ ನಾಲಿಗೆ ಒತ್ತಿದ, ಬೊಂಬೆಯ ನಾಲಿಗೆ ಒತ್ತಿದ. ತನ್ನ ಬಾಯಿಗೆ ಮಾತ್ರ ಎಂದೂ ಇಡಲಿಲ್ಲ, ನಾನೂ ಕೇಳಲಿಲ್ಲ.

ಊದುವ, ಶಿಳ್ಳೆ ಹಾಕುವ, ನಾಲಿಗೆಯನ್ನು ಹೊರಳಿಸುವ ವ್ಯಾಯಾಮ ಮಾಡಿಸಲೇ ಎಂದು ತಾಯಿ ಕೇಳಿದ್ದರು, ಮೊಬೈಲ್‌ನಲ್ಲಿ ನೋಡಿದ್ದರಂತೆ. ಬೇಡ ಎಂದೆ. ನಾಲಿಗೆಗೆ ಬಲ ಸಾಲದೆ ಧ್ವನಿ ತಪ್ಪುತ್ತಿಲ್ಲ. ಊದುವುದನ್ನು ಕಲಿತ ಬಾಯಿ ಊದುವುದರಲ್ಲಿ ಚುರುಕಾಗುತ್ತದೆ. ಕ ಕಲಿಯಬೇಕಾದರೆ ಕ ಹೇಳಬೇಕು.

ಆರನೇ ಭೇಟಿಯಲ್ಲಿ ಅವನು ಚಾಪೆಯ ಮೇಲೆ ಅಂಗಾತ ಮಲಗಿ ಬೊಂಬೆಗಳನ್ನು ಎದೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ. ಮಲಗಿದಾಗ ನಾಲಿಗೆ ತನ್ನ ಭಾರಕ್ಕೇ ಹಿಂದಕ್ಕೆ ಸರಿಯುತ್ತದೆ. ಏಳು ಎನ್ನುವ ಬದಲು ನಾನೂ ಪಕ್ಕದಲ್ಲಿ ಮಲಗಿದೆ. ಸಿಂಹದ ಬೊಂಬೆ ಹಿಡಿದು, "ಅಯ್ಯೋ, ಇದರ ಗಂಟಲಿಗೆ ಮೂಳೆ ಸಿಕ್ಕಿದೆ" ಎಂದು ಗಂಟಲಿನಿಂದ ಕ್ಯಾಕರಿಸಿದೆ. ಅವನು ಕಿಸಕ್ಕನೆ ನಕ್ಕ, ಸಿಂಹವನ್ನು ಕಿತ್ತುಕೊಂಡ, ತಾನೂ ಕ್ಯಾಕರಿಸಿದ. ಮೂಳೆ ಬರಲಿಲ್ಲ ಎಂದೆ. ಇನ್ನೂ ಜೋರಾಗಿ ಕ್ಯಾಕರಿಸಿದ. ಹತ್ತು ಸಲವಾದ ಮೇಲೆ, "ಈಗ ಚಿಕ್ಕ ಮೂಳೆ, ಚಿಕ್ಕ ಕೆಮ್ಮು ಸಾಕು" ಎಂದೆ. ಉಸಿರು ಕಡಿಮೆಯಾಯಿತು, ಗೊರಗೊರ ಹೋಯಿತು. ಉಳಿದದ್ದು ಪಿಸುಮಾತಿನಂಥ ಒಂದು ಚಿಕ್ಕ ಸ್ಫೋಟ: ಕ್. ಗೋಡೆಗೆ ಒರಗಿ ಕುಳಿತಿದ್ದ ತಾಯಿ ಬಾಯಿ ತೆರೆದರು, ಕಣ್ಣಲ್ಲೇ ತಡೆದೆ. ಆಗ ಯಾರಾದರೂ ಚಪ್ಪಾಳೆ ತಟ್ಟಿದ್ದರೆ ಆಟ ಪರೀಕ್ಷೆಯಾಗಿಬಿಡುತ್ತಿತ್ತು.

ಅದಾದ ಮೇಲೆ ಎರಡು ವಾರ ಆ ಕ್ ಧ್ವನಿಗೆ ಸ್ವರ ಜೋಡಿಸುವ ಕೆಲಸ. ಯಾವ ಸ್ವರ ಮೊದಲು ಎಂಬುದರಲ್ಲಿ ಜಾಣತನ ಬೇಕು. ಉ, ಒ ಹೇಳುವಾಗ ನಾಲಿಗೆಯ ಹಿಂಭಾಗ ಆಗಲೇ ಮೇಲೆದ್ದಿರುತ್ತದೆ, ಕ ಅದರ ಪಕ್ಕದ ಮನೆ. ಇ, ಎ ಹೇಳುವಾಗ ಮುಂಭಾಗ ಏಳುತ್ತದೆ, ನಾಲಿಗೆ ಹಳೆಯ ಚಾಳಿಗೆ ಜಾರಲು ಅಷ್ಟೇ ಸಾಕು. ಹಾಗಾಗಿ ಮೊದಲು ಉಕ್, ಒಕ್. ಆಮೇಲೆ ಉಕ್ಕು, ಕೂ, ಕೋ. ಆಮೇಲೆ ಅಕ್ಕ, ಕಾ. ಕಿ ಮತ್ತು ಕೆ ಎಲ್ಲಕ್ಕೂ ಕೊನೆಗೆ. ಕನ್ನಡದ ಒತ್ತಕ್ಷರ ಇಲ್ಲಿ ದೊಡ್ಡ ಉಪಕಾರ ಮಾಡಿತು. ಉಕ್ಕು ಎನ್ನುವಾಗ ನಾಲಿಗೆ ಆ ಜಾಗದಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ, ಆ ಕ್ಷಣದಲ್ಲಿ ಮಗುವಿಗೆ ಜಾಗದ ಪರಿಚಯವಾಗುತ್ತದೆ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ ಮಾತ್ರ ಮುಂದಿನ ಮೆಟ್ಟಿಲು. ಒಂದು ಭೇಟಿಯಲ್ಲಿ ಎಂಬತ್ತರಿಂದ ನೂರು ಸಲ ಅವನ ಬಾಯಿಂದ ಕ ಬರುವಂತೆ ಆಟ ಕಟ್ಟುತ್ತಿದ್ದೆ. ಅಷ್ಟು ಆವೃತ್ತಿ ಇಲ್ಲದೆ ಹೊಸ ಚಲನೆ ನೆಲೆ ನಿಲ್ಲುವುದಿಲ್ಲ.

ಹತ್ತಿ ಕೊಟ್ಟೆ

ಏಳನೇ ವಾರ ಜೋಡಿಗಳ ಆಟ ಶುರುವಾಯಿತು. ನನ್ನ ಮುಂದೆ ಚಿತ್ರಗಳ ಅಂಗಡಿ, ಅವನು ಗಿರಾಕಿ. ಹಕ್ಕಿಗಳನ್ನು ಒಂದು ಮರದ ಚಿತ್ರದ ಮೇಲೆ ಅಂಟಿಸಬೇಕು. "ಹತ್ತಿ ತೊಡಿ" ಎಂದ. ಹತ್ತಿಯ ಚಿತ್ರ ಕೊಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಇದಲ್ಲ. ಹತ್ತಿ!" ಇನ್ನೊಂದು ಹತ್ತಿ ಕೊಟ್ಟೆ, ಮುಖದಲ್ಲಿ ನಗು ತಾರದೆ, "ನೀನು ಹತ್ತಿ ಅಂದೆಯಲ್ಲ" ಎಂದೆ. ಅವನ ಕೈಯಲ್ಲಿ ಎರಡು ಹತ್ತಿ. ಆ ಐದಾರು ಸೆಕೆಂಡುಗಳಲ್ಲಿ ಅವನ ತುಟಿ ಸಣ್ಣಗೆ ಆಡಿತು, ಕಣ್ಣು ಚಾವಣಿಯ ಕಡೆ ಹೋಯಿತು. ತನ್ನ ಮಾತನ್ನು ಅವನು ಮೊದಲ ಬಾರಿಗೆ ಹೊರಗಿನಿಂದ ಕೇಳಿಸಿಕೊಳ್ಳುತ್ತಿದ್ದ. "ಹ... ಹಕ್... ಹಕ್ಕಿ." ಹಕ್ಕಿ ಅವನ ಕೈಗೆ ಹೋಯಿತು. ಮರದ ಮೇಲೆ ಅಂಟಿಸಿ ಬಂದು, ಉಸಿರು ಬಿಡದೆ "ಹಕ್ಕಿ, ಹಕ್ಕಿ, ಹಕ್ಕಿ" ಎಂದು ಮೂರು ಕೇಳಿದ. ಮೂರನ್ನೂ ಕೊಟ್ಟೆ.

ಒಂದು ಪದಕ್ಕೆ ಎರಡು ಸಲಕ್ಕಿಂತ ಹೆಚ್ಚು ತಪ್ಪು ಚಿತ್ರ ಕೊಡುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದೆ. ಎರಡನೆಯದಕ್ಕೂ ದಾರಿ ಸಿಗದಿದ್ದರೆ, "ಓ, ಹಕ್ಕಿಯಾ!" ಎಂದು ನಾನೇ ಹೇಳಿ ಕೊಟ್ಟುಬಿಡುವುದು. ಮಗುವಿಗೆ ಸಿಟ್ಟು ಬರಬೇಕಾದದ್ದು ಆ ತಪ್ಪು ಚಿತ್ರದ ಮೇಲೆ. ಅದು ತನ್ನ ಮೇಲೆ ತಿರುಗಿದರೆ ಆಟ ಅಲ್ಲಿಗೇ ಕೆಟ್ಟಿತು.

ಮನೆಯ ಕೆಲಸ ಕಡಿಮೆ ಇಟ್ಟಿದ್ದೆ. ದಿನಕ್ಕೆ ಎರಡು ಸಲ ಐದೈದು ನಿಮಿಷ ಆಟ, ಬಾಯಿಗೆ ಆಗಲೇ ಬಂದಿರುವ ಪದಗಳಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ತಿದ್ದುವುದೇ ಇಲ್ಲ. ಅವನು "ಬೆತ್ತು ಓಡಿತು" ಎಂದರೆ ತಾಯಿ, "ಹೌದು, ಬೆಕ್ಕು ಓಡಿತು. ಬೆಕ್ಕು ಎಲ್ಲಿಗೆ ಹೋಯಿತು?" ಎಂದು ಮಾತು ಮುಂದುವರಿಸಬೇಕು, ಮತ್ತೆ ಹೇಳು ಎನ್ನಬಾರದು. ಕೇಳಲು ಸುಲಭ, ಆದರೆ "ಸರಿಯಾಗಿ ಹೇಳು" ನಾಲಿಗೆಯ ತುದಿಗೇ ಬಂದು ನಿಲ್ಲುತ್ತದೆ ಮೇಡಂ ಎಂದು ತಾಯಿ ಒಪ್ಪಿಕೊಂಡರು. ಒಂದು ದಿನ ಪುಟ್ಟ ಹೊರಗೆ ಆಡುವಾಗ ಅವರು ಕೇಳಿಯೇಬಿಟ್ಟರು: "ನಾನು ಕೆಲಸಕ್ಕೆ ಹೋಗುವುದರಿಂದ ಹೀಗಾಯಿತೇ?" ಅಲ್ಲ. ಇಂಥ ಧ್ವನಿದೋಷಕ್ಕೆ ಹೆಚ್ಚಿನ ಮಕ್ಕಳಲ್ಲಿ ಬೆರಳು ಮಾಡಿ ತೋರಿಸುವಂಥ ಕಾರಣ ಸಿಗುವುದೇ ಇಲ್ಲ, ತಾಯಿ ಹತ್ತಿರವಿದ್ದರೆ ಬರುವುದಿಲ್ಲ ಎನ್ನುವ ಕಾಯಿಲೆ ಇದಲ್ಲ. ಈ ಮಾತನ್ನು ನಾನು ಮುಂದಿನ ಭೇಟಿಗಳಲ್ಲಿ ಅವರು ಕೇಳದಿದ್ದಾಗಲೂ ಹೇಳಿದೆ. ಒಂದು ಸಲ ಹೇಳಿದರೆ ಸಾಲದು.

ಅಕ್ಕನಿಗೂ ಒಂದು ಕೆಲಸ ಕೊಟ್ಟೆವು. ತಮ್ಮನ ಬದಲು ಉತ್ತರ ಕೊಡುವ ಮೊದಲು ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಅವಳಿಗೆ ಕಷ್ಟವಾಯಿತು. ಎರಡು ವರ್ಷ ತಮ್ಮನ ಮಾತನ್ನು ಲೋಕಕ್ಕೆ ದಾಟಿಸಿದ ಹುಡುಗಿ. ಅದನ್ನು ಬಿಡು ಎಂದಾಗ ಅವಳ ಕಣ್ಣು ತುಂಬಿತು. ಆಮೇಲೆ ಮನೆಯ ಅಂಗಡಿ ಆಟಕ್ಕೆ ಅವಳನ್ನೇ ಯಜಮಾನಿ ಮಾಡಿದೆವು. ಶಿಕ್ಷಕಿ ತಾವಾಗಿಯೇ ವರ್ಣಮಾಲೆಯನ್ನು ಒಬ್ಬೊಬ್ಬರಿಂದ ಹೇಳಿಸುವುದನ್ನು ನಿಲ್ಲಿಸಿ ಎಲ್ಲರಿಂದ ಒಟ್ಟಿಗೆ ಹಾಡಿಸತೊಡಗಿದರು.

ತಾತ ಕಾಕನಾದ ಹದಿನೈದು ದಿನ

ಒಂಬತ್ತನೇ ವಾರ ತಂದೆಯಿಂದ ಗಾಬರಿಯ ಫೋನ್. ಪುಟ್ಟ ತಾತನನ್ನು "ಕಾಕ" ಎನ್ನುತ್ತಿದ್ದಾನೆ. ತಲೆ ಬಾಚುವುದನ್ನು ಕಲೆ ಬಾಚುವುದು ಎನ್ನುತ್ತಾನೆ, ಎಣಿಸಿದರೆ ಒಂಬಕ್ಕು, ಹಕ್ಕು. ಸರಿಯಾಗಿದ್ದದ್ದೂ ಕೆಟ್ಟಿತಲ್ಲ ಎಂದು ಮನೆಯವರಿಗೆ ಸಂಕಟ. ತಾತನಿಗೆ ಎಲ್ಲರಿಗಿಂತ ಹೆಚ್ಚು. ಅಷ್ಟು ದಿನ ಮನೆಯಲ್ಲಿ ಪುಟ್ಟ ಸ್ಪಷ್ಟವಾಗಿ ಕರೆಯುತ್ತಿದ್ದ ಕೆಲವೇ ಹೆಸರುಗಳಲ್ಲಿ ಅವರದ್ದು ಒಂದು.

ನಾನು ಮಾತ್ರ ಫೋನ್ ಇಟ್ಟು ಸಮಾಧಾನದ ಉಸಿರು ಬಿಟ್ಟೆ. ಕಲಿಸಿದ ಪದಗಳನ್ನು ಗಿಳಿಪಾಠ ಒಪ್ಪಿಸುವ ಮಗು ಇಂಥ ತಪ್ಪು ಮಾಡುವುದಿಲ್ಲ. ಹಳೆಯ ನಿಯಮ ಮುರಿದಿದೆ, ಹೊಸದರ ಗಡಿ ಎಲ್ಲಿ ಎಂದು ಅವನು ಹುಡುಕುತ್ತಿದ್ದಾನೆ. ಅಷ್ಟು ದಿನ ಕ ಇರುವ ಪದವೆಲ್ಲ ತ ಆಗಿ ಬರುತ್ತಿತ್ತು. ಈಗ ತ ಎಂದು ಬರುವ ಪದಗಳಲ್ಲಿ ನಿಜವಾಗಿ ಕ ಯಾವುದು, ತ ಯಾವುದು ಎಂದು ಒಂದೊಂದನ್ನೂ ಬೇರೆ ಮಾಡಬೇಕು. ಜೋಡಿ ಆಟದಲ್ಲಿ ಹಕ್ಕಿಯಷ್ಟೇ ಹತ್ತಿಯನ್ನೂ ಕೇಳಿಸತೊಡಗಿದೆ. ತಾತನಿಗೆ ಹೇಳಿ ಕಳಿಸಿದೆ: ನೀವು ಸುಮ್ಮನೆ ಓಗೊಡಿ. ಓಗೊಟ್ಟರು. ಹದಿನೈದು ದಿನದಲ್ಲಿ ಕಾಕ ಮತ್ತೆ ತಾತನಾದರು.

ಹದಿನಾರು ವಾರದ ಲೆಕ್ಕ

ಒಟ್ಟು 31 ಭೇಟಿ. ಒಂದು ಜ್ವರದಿಂದ ತಪ್ಪಿತು. ಚಿಕಿತ್ಸೆಯಲ್ಲಿ ಎಂದೂ ಬಳಸದ ಪದಗಳನ್ನು ಬೇರೆಯಾಗಿ ಇಟ್ಟಿದ್ದೆ, ಪರೀಕ್ಷೆಗೆ ಮಾತ್ರ: ಕ ಇರುವ 20, ಗ ಇರುವ 10, ರ ಇರುವ 10. ಆರಂಭದಲ್ಲಿ ಕ ಮತ್ತು ಗ ಸೊನ್ನೆ, ರ 1. ಎಂಟನೇ ವಾರ ಕ 9, ಗ 3. ಹದಿನಾರನೇ ವಾರ ಕ 18, ಗ 9, ರ 2. ಕಲಿಸದ ಗ ಕಲಿಸಿದ ಕ ಬೆನ್ನು ಹಿಡಿದು ಬಂದಿತ್ತು, ರ ಇದ್ದಲ್ಲೇ ಇತ್ತು. ತಾನಾಗಿ ಸರಿಹೋಗುವ ಕಾಲ ಬಂದು ಸರಿಹೋಯಿತು ಎನ್ನುವಂತಿದ್ದರೆ ರ ಕೂಡ ಒಂದಿಷ್ಟು ಅಲುಗಬೇಕಿತ್ತು.

ಪದಗಳಲ್ಲಿ ಬಂದದ್ದು ಮಾತಿನಲ್ಲಿ ಬರಲು ತಡವಾಯಿತು. ಸಿಟ್ಟಿನಲ್ಲಿ, ಓಟದಲ್ಲಿ, ನಿದ್ದೆಗಣ್ಣಿನಲ್ಲಿ ತ ಮರಳುತ್ತಿತ್ತು. ಅದಕ್ಕೆ ಕೊನೆಯ ನಾಲ್ಕು ವಾರ ಚಿತ್ರಗಳನ್ನೆಲ್ಲ ಎತ್ತಿಟ್ಟು ಬರೀ ಕಥೆ, ಜಗಳ, ಓಟದ ಆಟ. ತರಗತಿಯಲ್ಲಿ ಹದಿಮೂರನೇ ವಾರ ಅವನು ಕೈ ಎತ್ತಿ ನೀರು ಬೇಕು ಎಂದನಂತೆ. ಶಿಕ್ಷಕಿ ಅಂದೇ ತಾಯಿಗೆ ತಿಳಿಸಿದರು.

ಹದಿನಾರನೇ ವಾರಕ್ಕೆ ನಿಲ್ಲಿಸಿದೆ. ಮೂರು ತಿಂಗಳ ನಂತರ ಮರುಪರೀಕ್ಷೆ: ಕ 20, ಗ 10, ರ 4. ರ ಏರತೊಡಗಿದ್ದರಿಂದ ಅದನ್ನು ಇನ್ನೂ ಆರು ತಿಂಗಳು ಹಾಗೆಯೇ ಬಿಡಲು ಒಪ್ಪಿದೆವು.

ಆ ದಿನ ಪರೀಕ್ಷೆ ಮುಗಿದು ಅವರು ಎದ್ದು ನಿಂತಿದ್ದಾಗ, ಮೊದಲ ದಿನದ ಪ್ರಶ್ನೆಯನ್ನೇ ಕೇಳಿದೆ: ನಿನ್ನ ಹೆಸರೇನು? ಅಕ್ಕ ಬಾಯಿ ತೆರೆದಳು, ನೆನಪಾಗಿ ಮುಚ್ಚಿದಳು, ಬೆರಳುಗಳು ಫ್ರಾಕಿನ ಅಂಚಿನಲ್ಲಿ ಒಂದೊಂದಾಗಿ ಮಡಚಿದವು, ಎಣಿಸುತ್ತಿದ್ದಳು. ಪುಟ್ಟ ಚಪ್ಪಲಿ ಹಾಕಿಕೊಳ್ಳುತ್ತ, ತಲೆ ಎತ್ತದೆಯೇ ಹೇಳಿದ:

"ಯಾಕೆ ಕೇಳುತ್ತೀರಿ? ನಿಮಗೆ ಗೊತ್ತಿದೆಯಲ್ಲ."

ಅವರು ಹೋದ ಮೇಲೆ ಆ ವಾಕ್ಯವನ್ನು ದಾಖಲೆಯ ಕೊನೆಯ ಪುಟದಲ್ಲಿ ಬರೆದು, ಅಕ್ಷರಗಳ ಕೆಳಗೆ ಗೆರೆ ಎಳೆದೆ. ಹಿಂದಿನ ಧ್ವನಿ ನಾಲ್ಕು: ಕೆ, ಕೇ, ಗೆ, ಗೊ. ಮುಂದಿನ ತ, ದ ಧ್ವನಿ ಮೂರು: ತ್ತೀ, ತ್ತಿ, ದೆ. ಏಳೂ ತಮ್ಮ ತಮ್ಮ ಜಾಗದಲ್ಲಿದ್ದವು.